ಒಡೆಯುವ ಸಾಮಾನು

ತೋಂಟದಾರ್ಯನಿಗೆ ತುರುವೇಕೆರೆಯಲ್ಲಿ ಎರಡು ಕಾರಣಕ್ಕೆ ಹೆಸರಿತ್ತು. ಒಂದು, ಅವನು ವಿಮೆ ಏಜೆಂಟ್. ಇನ್ನೊಂದು, ಅವನಿಗೆ ಗಾಜಿನ ಲೋಟದಲ್ಲಿ ಯಾರೂ ಕಾಫಿ ಕೊಡುತ್ತಿರಲಿಲ್ಲ. ಪಾಲಿಸಿ ಮಾತಾಡಲು ಯಾರ ಮನೆಗೆ ಹೋಗಿ ಕುಳಿತರೂ ಒಳಗಿನಿಂದ, "ಸ್ಟೀಲ್ ಲೋಟ ಎಲ್ಲೈತೆ ನೋಡೇ, ತೋಂಟಣ್ಣ ಬಂದವ್ನೆ" ಎಂಬ ಪಿಸುಮಾತು ಕೇಳಿಸುತ್ತಿತ್ತು. ಊರಿನ ಅರ್ಧ ಜನರ ಜೀವಕ್ಕೆ ವಿಮೆ ಮಾಡಿಸಿದ ಮನುಷ್ಯ. ಅವನ ಕೈಗೆ ಬಂದ ಪಿಂಗಾಣಿಗೆ ಮಾತ್ರ ಯಾವ ಭದ್ರತೆಯೂ ಇರಲಿಲ್ಲ. ಬೇಕೆಂದು ಒಡೆಯುತ್ತಿದ್ದ ಎಂದಲ್ಲ. ಮಾತಾಡುವಾಗ ಕೈ ಆಡಿಸುವುದು ಅವನ ಸ್ವಭಾವ. ಆಡುವ ಕೈಯಲ್ಲಿ ಏನಿದೆ, ಆ ಕೈ ಹೋಗುವ ದಾರಿಯಲ್ಲಿ ಏನಿದೆ ಎಂಬುದು ಅವನಿಗೆ ನೆನಪಿರುತ್ತಿರಲಿಲ್ಲ, ಅಷ್ಟೇ.

ಹೆಂಡತಿ ಭಾನುಪ್ರಿಯಾ ತೋಟಗಾರಿಕೆ ಇಲಾಖೆಯಲ್ಲಿ ಅಧಿಕಾರಿ. ಸುತ್ತಲಿನ ತೋಟದಲ್ಲಿ ಯಾವ ತೆಂಗಿಗೆ ಕಾಯಿಲೆ ಬಂದರೂ ಜನ ಒಣಗಿದ ಗರಿ ಹಿಡಿದುಕೊಂಡು ಮೊದಲು ಆಕೆಯ ಮೇಜಿನ ಮುಂದೆ ನಿಲ್ಲುತ್ತಿದ್ದರು. ಆಕೆಗೆ ಬಡ್ತಿ ಬಂತು; ಬಡ್ತಿಯ ಬಾಲ ಹಿಡಿದುಕೊಂಡು ಬೀದರ್‌ಗೆ ವರ್ಗವೂ ಬಂತು. ಮೊದಲು ತಾನು ಹೋಗಿ ಕೆಲಸಕ್ಕೆ ಹಾಜರಾಗಿ ಮನೆ ನೋಡುವುದು, ಆಮೇಲೆ ಗಂಡ ಸಾಮಾನಿನ ಲಾರಿಯೊಂದಿಗೆ ಬರುವುದು ಎಂದು ತೀರ್ಮಾನವಾಯಿತು. ತಕರಾರು ಹುಟ್ಟಿದ್ದು ಸಾಮಾನು ಕಟ್ಟುವವರು ಯಾರು ಎಂಬಲ್ಲಿ.

"ತುಮಕೂರಿಂದ ಪ್ಯಾಕಿಂಗ್‌ನೋರನ್ನ ಕರೆಸೋಣ ರೀ," ಎಂದಳು ಭಾನುಪ್ರಿಯಾ.

"ಯಾಕೆ, ನಾನಿಲ್ವಾ?"

"ನೀವಿದ್ದೀರಲ್ಲ ಅಂತಲೇ ನನಗೆ ಭಯ."

ತೋಂಟದಾರ್ಯನ ಅಭಿಮಾನಕ್ಕೆ ಪೆಟ್ಟು ಬಿತ್ತು. ಅವನು ಎದ್ದು ನಿಂತು ಕಿಟಕಿಯಾಚೆ ಕಾಣುತ್ತಿದ್ದ ಹಿತ್ತಲಿನ ತೆಂಗಿನ ಮರವನ್ನು ತೋರಿಸಿದ. "ಅಲ್ಲಿ ನೋಡು. ಅಷ್ಟೆತ್ತರದಿಂದ ಕಾಯಿ ಬೀಳ್ತದೆ. ಒಡೀತದಾ? ಇಲ್ಲ. ಯಾಕೆ ಒಡಿಯಲ್ಲ? ಸುತ್ತ ನಾರಿದೆ. ದೇವರೇ ಪ್ಯಾಕಿಂಗ್ ಮಾಡಿ ತೋರಿಸಿದ್ದಾನೆ. ಈ ಸೀಮೇಲಿ ಹುಟ್ಟಿ, ಸಾಮಾನು ಕಟ್ಟೋಕೆ ಹೊರಗಿನೋರನ್ನ ಕರೆಸಿದ್ರೆ ತೆಂಗಿನ ಮರ ನಗ್ತದೆ ಕಣೇ!"

'ನಗ್ತದೆ' ಎಂಬಲ್ಲಿ ಚಾಚಿದ ಕೈ ಕಿಟಕಿಯ ಕಟ್ಟೆಯ ಮೇಲಿದ್ದ ಹೂದಾನಿಗೆ ತಗುಲಿತು. ಅದು ಕೆಳಗೆ ಬಿತ್ತು. ಅದರ ಸುತ್ತ ನಾರು ಇರಲಿಲ್ಲ.

ಭಾನುಪ್ರಿಯಾ ಪೊರಕೆ ತಂದು ಚೂರು ಗುಡಿಸಿದಳು. ಗುಡಿಸಿ ಮುಗಿಯುವ ಹೊತ್ತಿಗೆ, ಯಾಕೋ, ಅವಳ ಮನಸ್ಸು ಕರಗಿತ್ತು. ಕೊನೆಗೂ ಬೇರೆ ಊರಿಗೆ ಹೋಗುತ್ತಿರುವುದು ತನ್ನ ಕೆಲಸಕ್ಕಾಗಿ; ಮನುಷ್ಯ ಒಂದು ಮಾತೂ ಗೊಣಗದೆ ಹೊರಟಿದ್ದಾನೆ.

"ಆಯ್ತು, ನೀವೇ ಕಟ್ಟಿ. ಆದರೆ ಒಡೆಯೋ ಸಾಮಾನೆಲ್ಲ ಬೇರೆ ಡಬ್ಬಕ್ಕೆ ಹಾಕಿ, ಅದರ ಮೇಲೆ ದೊಡ್ಡದಾಗಿ ನನ್ನ ಹೆಸರು ಬರೀರಿ. ಒಡೆಯದೇ ಇರೋದರ ಮೇಲೆ ನಿಮ್ಮ ಹೆಸರು. ಎತ್ತುವಾಗ ನನ್ನ ಹೆಸರು ಕಂಡರಾದರೂ ಕೈ ಹಿಡಿತಕ್ಕೆ ಬಂದೀತು. ಮಿಕ್ಕಿದ್ದು ಏನಾದರೂ ಆಗಲಿ, ಅಮ್ಮನ ಜಾಡಿ ಮಾತ್ರ ಜೋಪಾನ."

ಅಮ್ಮನ ಜಾಡಿ ಎಂದರೆ ಉಪ್ಪಿನಕಾಯಿ ಹಾಕುವ ಎರಡು ಪಿಂಗಾಣಿ ಜಾಡಿ. ಮೇಲರ್ಧ ಕಂದು, ಕೆಳಗರ್ಧ ಬಿಳುಪು. ಭಾನುಪ್ರಿಯಾಳ ತಾಯಿ ತೀರಿಕೊಂಡ ಮೇಲೆ ತವರಿನಿಂದ ಅವಳು ಕೇಳಿ ತಂದುಕೊಂಡಿದ್ದು ಅವೆರಡೇ. ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ಆ ಜಾಡಿಗಳ ಹತ್ತಿರಕ್ಕೆ ತೋಂಟದಾರ್ಯನನ್ನು ಅವಳು ಬಿಟ್ಟಿರಲಿಲ್ಲ. ಊಟಕ್ಕೆ ಕುಳಿತಾಗ ಉಪ್ಪಿನಕಾಯಿ ಬೇಕೆಂದರೆ ಅವಳೇ ಎದ್ದು ಹೋಗಿ ಬಡಿಸುತ್ತಿದ್ದಳು.

ಹೆಂಡತಿ ಹೋಗಿ ಕೆಲಸಕ್ಕೆ ಹಾಜರಾಗಿ, ಮನೆ ಸಿಕ್ಕಿತೆಂದು ತಿಳಿಸಿದ ಕೂಡಲೇ ತೋಂಟದಾರ್ಯ ಪಂಚೆ ಎತ್ತಿ ಕಟ್ಟಿದ. ಪಕ್ಕದ ಮನೆಯ ನಿಂಗಮ್ಮನವರ ಕೊಟ್ಟಿಗೆಯಲ್ಲಿ ತೆಂಗಿನ ನಾರು ರಾಶಿ ಬಿದ್ದಿತ್ತು; ಬೇಕಾದಷ್ಟು ತಗೊಳ್ಳಪ್ಪ ಎಂದಿದ್ದರು. ನಿಂಗಮ್ಮನವರು ವಿಧವೆ. ಸ್ವಂತ ತೋಟ, ಮಹಡಿ ಮನೆ, ಕೇರಿಯವರ ಕಷ್ಟಸುಖಕ್ಕೆಲ್ಲ ಮೊದಲು ಓಡಿಬರುವ ಗುಣ. ಕಷ್ಟ ಇನ್ನೂ ಬಂದಿರದಿದ್ದರೂ ಓಡಿಬರುತ್ತಿದ್ದರು ಎಂಬುದೊಂದೇ ಅವರ ಮೇಲಿದ್ದ ದೂರು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ತೋಂಟದಾರ್ಯ ಬಹಳ ಚೆನ್ನಾಗಿ ಕಟ್ಟಿದ. ಒಂದೊಂದು ಲೋಟವನ್ನೂ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ನಾರು ಸುತ್ತಿ, ಹುರಿಯಿಂದ ಬಿಗಿದ. ಜಾಡಿಗಳನ್ನಂತೂ ಹಸುಗೂಸಿಗೆ ಎಣ್ಣೆ ಹಚ್ಚುವವನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಉಸಿರು ಹಿಡಿದು, ಬಾಯಿ ಮುಚ್ಚಿಕೊಂಡು ಸುತ್ತಿದ. ಬಾಯಿ ಮುಚ್ಚಿದ್ದರಿಂದ ಕೈ ಆಡಲಿಲ್ಲ. ಕೈ ಆಡದ್ದರಿಂದ ಏನೂ ಒಡೆಯಲಿಲ್ಲ. ಇಷ್ಟು ಸುಲಭದ ಉಪಾಯ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಸಂಜೆಯ ಹೊತ್ತಿಗೆ ಅವನ ತಲೆ, ಮೀಸೆ, ಹುಬ್ಬಿಗೆಲ್ಲ ನಾರು ಅಂಟಿಕೊಂಡು ಅವನೇ ಸುಲಿಯದ ಕಾಯಿಯ ಹಾಗೆ ಕಾಣುತ್ತಿದ್ದ. ನಡುಮನೆಯ ಎಡಗಡೆ 'ಭಾನುಪ್ರಿಯಾ' ಎಂದು ಬರೆದ ಡಬ್ಬಗಳು, ಬಲಗಡೆ 'ತೋಂಟದಾರ್ಯ' ಎಂದು ಬರೆದ ಡಬ್ಬಗಳು. ಬಾಗಿಲ ಪಕ್ಕದಲ್ಲಿ ಒಂದು ಹಳೆಯ ನಿಲುವುಗನ್ನಡಿ. ಅದು ಬಿರುಕು ಬಿಟ್ಟು ಬಹಳ ಕಾಲವಾಗಿತ್ತು. ಅದನ್ನು ಯಾರಿಗಾದರೂ ಕೊಟ್ಟು ಬರುವುದೆಂದು ಗಂಡ ಹೆಂಡಿರು ಮಾತಾಡಿಕೊಂಡಿದ್ದರು.

ಅಷ್ಟರಲ್ಲಿ ಭಾನುಪ್ರಿಯಾಳ ಫೋನು ಬಂತು. ಕೈ ತುಂಬ ನಾರಿದ್ದುದರಿಂದ ತೋಂಟದಾರ್ಯ ಸ್ಪೀಕರ್ ಹಾಕಿ ನೆಲದ ಮೇಲಿಟ್ಟ. ಅದೇ ಹೊತ್ತಿಗೆ, ಒಬ್ಬನೇ ಇದ್ದಾನಲ್ಲ ಪಾಪ ಎಂದು ನಿಂಗಮ್ಮನವರು ಒಂದು ತಟ್ಟೆ ಚಿತ್ರಾನ್ನ ಹಿಡಿದು ಬಾಗಿಲಿಗೆ ಬಂದರು.

"ನಾನು ಹೇಳಿದ ಹಾಗೆ ಬೇರೆ ಬೇರೆ ಮಾಡಿದ್ರಾ?" ಎಂದಿತು ಫೋನು.

"ಮಾಡಿದೀನಿ ಕಣೇ. ನಿಂದು ಎಡಗಡೆ, ನಂದು ಬಲಗಡೆ. ಒಂದಕ್ಕೊಂದು ಸೋಕೋ ಹಂಗಿಲ್ಲ."

"ನೋಡಿ, ಈ ಸಲ ಏನಾದ್ರೂ ಒಡೆದ್ರೆ ನೀವು ಬೀದರ್‌ಗೆ ಬರೋದೇ ಬೇಡ. ಅಲ್ಲೇ ಇದ್ದುಬಿಡಿ."

"ನನ್ನ ಕೈಲಾದಷ್ಟು ಉಳಿಸಿಕೊಳ್ಳೋಕೆ ನೋಡ್ತಿದೀನಿ. ಅದರ ಮೇಲೂ ಒಡೀತದೆ ಅಂದ್ರೆ ಶಿವನಿಚ್ಛೆ."

ನಿಂಗಮ್ಮನವರು ಹೊಸ್ತಿಲಲ್ಲೇ ನಿಂತರು. ಒಡೆಯುವುದು ಎಂಬ ಮಾತಿಗೆ ನಮ್ಮ ಕಡೆ ಅರ್ಥ ಎರಡು. ಲೋಟ ಒಡೆಯುತ್ತದೆ, ಮನೆಯೂ ಒಡೆಯುತ್ತದೆ. ಲೋಟ ಒಡೆದರೆ ಚೂರು ಬೀಳುತ್ತದೆ, ಮನೆ ಒಡೆದರೆ ಪಾಲು ಬೀಳುತ್ತದೆ. ನಿಂಗಮ್ಮನವರು ಒಳಗೆ ಕಣ್ಣು ಹಾಯಿಸಿದರು. ಚೂರು ಎಲ್ಲೂ ಕಾಣಲಿಲ್ಲ. ಪಾಲು ಮಾತ್ರ ಎಡಕ್ಕೊಂದು ಬಲಕ್ಕೊಂದು ಎದ್ದು ನಿಂತಿತ್ತು, ಮೇಲೆ ಹೆಸರು ಸಮೇತ.

ಫೋನು ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು. "ತೋಂಟಣ್ಣ, ಈ ಕಡೇದೆಲ್ಲಾ ಭಾನಮ್ಮಂದಾ?"

"ಹೂಂ ನಿಂಗಕ್ಕ."

"ಆ ಕಡೇದು ನಿಂದಾ?"

"ಹೂಂ."

"ಇಬ್ರೂ ಮಾತಾಡ್ಕಂಡೇ ಮಾಡ್ಕಂಡ್ರಾ?"

"ಅವಳೇ ಹೇಳಿದ್ದು. ನಾನೂ ಒಪ್ಕೊಂಡೆ. ಒಂದ್ಸಲವಾದ್ರೂ ಅವಳ ಮಾತು ಪೂರ್ತಿ ಕೇಳಿದ ಹಾಗಾಗ್ಲಿ ಅಂತ."

ನಿಂಗಮ್ಮನವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ಚಿತ್ರಾನ್ನದ ತಟ್ಟೆಯನ್ನು ಹಾಗೇ ಹಿಡಿದುಕೊಂಡು ವಾಪಸು ಹೋದರು. ಹಸಿದಿದ್ದ ತೋಂಟದಾರ್ಯ ತಟ್ಟೆ ಹೋದ ದಿಕ್ಕನ್ನೇ ನೋಡುತ್ತ, ತಮ್ಮನ್ನು ಅಗಲುವುದಕ್ಕೆ ನಿಂಗಕ್ಕನಿಗೆ ಇಷ್ಟು ದುಃಖವೇ ಎಂದು ಆಶ್ಚರ್ಯಪಟ್ಟ.

ಮನೆ ತಲುಪಿದ ನಿಂಗಮ್ಮನವರು ತಟ್ಟೆ ಇಡುವ ಮೊದಲೇ ಫೋನು ಎತ್ತಿದರು. ಭಾನುಪ್ರಿಯಾಳ ತಂದೆ ರೇವಣಸಿದ್ದಯ್ಯನವರು ಹುಳಿಯಾರಿನವರು. ಬಹಳ ವರ್ಷ ಕೊಬ್ಬರಿ ವ್ಯಾಪಾರ ಮಾಡಿ, ವ್ಯಾಪಾರ ಬಿಟ್ಟ ಮೇಲೆ ನ್ಯಾಯ ಪಂಚಾಯ್ತಿಗೆ ಕೂರುವುದನ್ನು ಅಭ್ಯಾಸ ಮಾಡಿಕೊಂಡವರು. ಸುತ್ತಲಿನ ಹಳ್ಳಿಗಳಲ್ಲಿ ಒಡೆದ ಸಂಸಾರ ಕೂಡಿಸಿದ ಖ್ಯಾತಿ ಅವರಿಗಿತ್ತು.

"ಯಜಮಾನ್ರೇ, ಗಂಡ ಹೆಂಡ್ತಿ ಪಾಲಾಗವ್ರೆ ಕಣ್ರೀ! ಡಬ್ಬದ ಮ್ಯಾಲೆ ಹೆಸರು ಬರ್ದು ಇಟ್ಟವ್ರೆ. ನಾನು ಕಣ್ಣಾರೆ ಕಂಡೆ. ನೀವು ಬೀದರ್‌ಗೆ ಬರ್ಲೇಬ್ಯಾಡಿ ಅಂತ ಭಾನಮ್ಮ ಫೋನಿನಾಗೇ ಅಂದ್ಲು!"

ರೇವಣಸಿದ್ದಯ್ಯನವರು ದುಡುಕುವ ಮನುಷ್ಯರಲ್ಲ. ಎರಡೂ ಕಡೆ ಕೇಳದೆ ತೀರ್ಪು ಕೊಡಬಾರದು ಎಂಬುದು ಅವರ ನಿಯಮ. ಮಗಳಿಗೇ ಫೋನು ಮಾಡಿದರು. ಅವಳು ಹೊಸ ಕಚೇರಿಯಲ್ಲಿ ಮೇಲಧಿಕಾರಿಗಳ ಸಭೆಯಲ್ಲಿದ್ದಳು.

"ಎಲ್ಲಾ ಬೇರೆ ಮಾಡ್ಕಂತಾ ಇದೀರಂತೆ, ನಿಜವೇನಮ್ಮ?"

"ಹೂಂ ಅಪ್ಪಾ," ಎಂದಳು ಭಾನುಪ್ರಿಯಾ, ಮೇಜಿನ ಕೆಳಗೆ ತಲೆ ಬಗ್ಗಿಸಿ, ಪಿಸುದನಿಯಲ್ಲಿ. "ನಾನೇ ಹೇಳಿದ್ದು. ಇಷ್ಟು ವರ್ಷ ಅವರ ಕೈಗೆ ಕೊಟ್ಟು ಸಾಕಾಗಿದೆ. ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ."

ಎರಡೂ ಕಡೆ ಕೇಳಿದಂತಾಯಿತು. ರೇವಣಸಿದ್ದಯ್ಯನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಮರುದಿನ ಬೆಳಗ್ಗೆ ಅವರು ಬಸ್ಸಿಳಿದು ಬಂದಾಗ ತೋಂಟದಾರ್ಯ ಕೊನೆಯ ಡಬ್ಬಕ್ಕೆ ಹುರಿ ಬಿಗಿಯುತ್ತಿದ್ದ. ಮಾವನ ಜೊತೆ ನಿಂಗಮ್ಮನವರು, ಅವರ ಹಿಂದೆ ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಹೆಡ್ ಕಾನ್‌ಸ್ಟೇಬಲ್ ಮೋಹನ್ ಕುಮಾರ್. ಡ್ಯೂಟಿಗೆ ಹೊರಟವರನ್ನು, ಒಂದು ಸಂಸಾರ ಉಳಿಸಿ ಹೋಗಿ ಎಂದು ನಿಂಗಮ್ಮನವರು ಮೆಟ್ಟಿಲಲ್ಲೇ ತಡೆದಿದ್ದರು. ಮಾವ ಬೀಳ್ಕೊಡಲು ಬಂದರೆಂದು ತೋಂಟದಾರ್ಯನಿಗೆ ಹಿಗ್ಗು. ಎಲ್ಲರಿಗೂ ಚಾಪೆ ಹಾಸಿದ.

ರೇವಣಸಿದ್ದಯ್ಯನವರು ಎರಡು ರಾಶಿಯನ್ನೂ ನೋಡಿದರು. ಮಗಳ ಹೆಸರನ್ನು ಓದಿದರು. ಅಳಿಯನ ಹೆಸರನ್ನು ಓದಿದರು. "ಏನು ಅಳಿಯಂದ್ರೇ ಇದು?"

"ಎಲ್ಲಾ ನಾನೇ ಮಾಡಿದ್ದು ಮಾವ. ಒಬ್ಬನೇ. ಹೆಂಗಿದೆ?"

ಸಂಸಾರ ಒಡೆದಿಟ್ಟು ಹೆಂಗಿದೆ ಎಂದು ಹೆಮ್ಮೆಯಿಂದ ಕೇಳಿದವರನ್ನು ರೇವಣಸಿದ್ದಯ್ಯನವರು ಯಾವ ಪಂಚಾಯ್ತಿಯಲ್ಲೂ ಕಂಡಿರಲಿಲ್ಲ.

ಮೋಹನ್ ಕುಮಾರ್ ಗಂಟಲು ಸರಿಮಾಡಿಕೊಂಡರು. ಇಂಥ ಪ್ರಕರಣದಲ್ಲಿ ಮೃದುವಾಗಿ ಶುರು ಮಾಡಬೇಕು ಎಂದು ಅವರಿಗೆ ತರಬೇತಿಯಲ್ಲಿ ಹೇಳಿದ್ದರು. "ಸಾರ್, ಗಾಬರಿ ಬೇಡ. ಸಮಾಧಾನವಾಗಿ ಹೇಳಿ. ಬಿರುಕು ಬಿಟ್ಟಿದ್ದು ಯಾವಾಗ?"

ಮೋಹನ್ ಕುಮಾರ್ ಕುಳಿತದ್ದು ಬಾಗಿಲ ಪಕ್ಕದ ನಿಲುವುಗನ್ನಡಿಗೆ ಬೆನ್ನು ಮಾಡಿ. ಪೊಲೀಸರಿಗೆ ಕನ್ನಡಿ ಬೇಕಾಗಿರಬೇಕು ಎಂದುಕೊಂಡ ತೋಂಟದಾರ್ಯ ಮುಚ್ಚುಮರೆ ಮಾಡಲಿಲ್ಲ. "ಅದಾ ಸಾರ್? ಮದುವೆಯಾದ ವರ್ಷವೇ ಬಿಟ್ಟಿತ್ತು. ತಪ್ಪು ನಂದೇ. ಕೈ ಬೀಸಿಬಿಟ್ಟೆ."

"ಕೈ ಬ್ಯಾರೆ ಮಾಡಿದ್ಯಾ!" ಎಂದರು ನಿಂಗಮ್ಮನವರು.

"ಬೇಕು ಅಂತ ಅಲ್ಲ ನಿಂಗಕ್ಕ. ಆವತ್ತಿಂದ ಹಂಗೋ ಹಿಂಗೋ ತಳ್ಳಿಕೊಂಡು ಬಂದ್ವಿ. ಆದರೆ ಭಾನು ಮುಖ ನೋಡೋದನ್ನೇ ಬಿಟ್ಟು ಬಹಳ ದಿನ ಆಯ್ತು."

"ಈಗ ಏನಂತಾರೆ ಅವರು?" ಎಂದರು ಮೋಹನ್ ಕುಮಾರ್.

"ಬೀದರ್‌ನಲ್ಲಿ ಬೇರೆ ನೋಡ್ಕೊಂಡಿದ್ದಾಳೆ."

ರೇವಣಸಿದ್ದಯ್ಯನವರು ಗೋಡೆ ಹಿಡಿದುಕೊಂಡರು.

"ಒಳ್ಳೇ ಆಳೆತ್ತರ ಅಂತೆ ಸಾರ್. ಕಂಡ ಕೂಡಲೇ ಹಿಡಿಸಿಬಿಡ್ತಂತೆ. ನಾನೂ ಬೇಜಾರು ಮಾಡ್ಕೊಳ್ಳಿಲ್ಲ, ತಂದುಕೋ ಮನೆಗೆ ಅಂದೆ. ಇಲ್ಲೀದು ಹಳೇದಾಯ್ತು, ಬೇಕಾದೋರಿಗೆ ಕೊಟ್ಟುಬಿಡಿ ಅಂತ ಅವಳೇ ಹೇಳಿದ್ಲು." ತೋಂಟದಾರ್ಯ ತಿರುಗಿ ವಿಶ್ವಾಸದಿಂದ ಕೇಳಿದ: "ನಿಂಗಕ್ಕ, ನೀನೇ ಇಟ್ಕೊಂಡ್ರೆ ಹೆಂಗೆ?"

ನಿಂಗಮ್ಮನವರು ಸೆರಗನ್ನು ತಲೆಯ ತುಂಬ ಎಳೆದುಕೊಂಡು ಮೋಹನ್ ಕುಮಾರ್ ಬೆನ್ನಿನ ಹಿಂದಕ್ಕೆ ಸರಿದರು. "ಅಯ್ಯೋ ನನ್ನಪ್ಪನೇ! ಈ ವಯಸ್ನಾಗೆ ನಂಗ್ಯಾಕಪ್ಪ?"

"ಬಚ್ಚಲಮನೇಲಿ ಒಂದು ಮೂಲೇಲಿ ನಿಲ್ಲಿಸ್ಕೊಂಡ್ರೆ ಆಯ್ತು. ಏನೂ ತೊಂದರೆ ಕೊಡಲ್ಲ."

ಇನ್ನು ಅಲ್ಲಿ ಏನೇನು ಮಾತು ಬರುತ್ತಿತ್ತೋ, ಅಷ್ಟರಲ್ಲಿ ಬೀದಿಯಲ್ಲಿ ಹಾರನ್ ಕೇಳಿಸಿತು. ಅಮ್ಮಸಂದ್ರದ ಗಿಡ್ಡಯ್ಯ ಲಾರಿ ತಂದಿದ್ದ. ಅದು ಸಿಮೆಂಟ್ ಹೊರುವ ಲಾರಿ. "ಸ್ವಾಮಿ, ನನ್ ಗಾಡೀಲಿ ಸಿಮೆಂಟ್ ಬುಟ್ಟು ಬ್ಯಾರೆ ಏನೂ ಹೊತ್ತಿಲ್ಲ. ಅದ್ರಾಗೇನು ಸುಖ ಅಂದ್ರೆ, ಬಿದ್ದು ಒಡೆದ್ರೂ ಸಿಮೆಂಟು ಸಿಮೆಂಟೇ," ಎಂದು ಅವನು ಫೋನಿನಲ್ಲೇ ಎಚ್ಚರಿಸಿದ್ದ. ಕಿರಿದಾದ ಬೀದಿಯಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಸಲು ತೋಂಟದಾರ್ಯ ಹೊರಗೆ ಓಡಿದ.

ಒಳಗೆ ರೇವಣಸಿದ್ದಯ್ಯನವರು ಎದ್ದು ನಿಂತರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಮಾತಾಡಿದ್ದು ಸಾಕು. ಇವರನ್ನ ನಾವು ಕೂಡಿಸ್ದೆ ಇನ್ಯಾರು ಕೂಡಿಸ್ತಾರೆ? ಬಿಚ್ರೀ ಡಬ್ಬನೆಲ್ಲ. ನಂದು ನಿಂದು ಅನ್ನೋದೇ ಬ್ಯಾಡ. ಇಬ್ಬರ ಸಾಮಾನೂ ಒಂದರೊಳಗೊಂದು ಬೆರೀಬೇಕು. ಅಲ್ಲಿ ಹೋಗಿ ಇದು ನಿಂದು ಅದು ನಂದು ಅಂತ ಆರಿಸೋಕೂ ಆಗಬಾರ್ದು, ಹಂಗೆ ಬೆರಸ್ರೀ!"

ಸಂಸ್ಕಾರವಂತರ ತೀರ್ಪು. ಕೂಡಲೇ ಜಾರಿಗೆ ಬಂತು. ನಿಂಗಮ್ಮನವರು ಹುರಿ ಕತ್ತರಿಸಿದರು. ಮೋಹನ್ ಕುಮಾರ್ ತೋಳು ಮಡಿಸಿದರು. ತೋಂಟದಾರ್ಯನ ಡಬ್ಬದಿಂದ ಕಬ್ಬಿಣದ ಹಂಚು, ಇಕ್ಕಳ, ತೂಕದ ಕಲ್ಲು, ಒರಳಿನ ಗುಂಡುಕಲ್ಲು ಒಂದೊಂದಾಗಿ ಹೊರಬಂದು ಭಾನುಪ್ರಿಯಾಳ ಡಬ್ಬದೊಳಗೆ ಸೇರಿದವು. ಜಾಗ ಸಾಲದ ಕಡೆ ನಾರು ಕಿತ್ತು ಹೊರಗೆಸೆದರು. ಹೀಗೆ ಕೂಡಿಸಿದ ಪ್ರತಿ ಡಬ್ಬವನ್ನೂ ರೇವಣಸಿದ್ದಯ್ಯನವರು ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲುಗಿಸಿ ನೋಡಿದರು. ಅದು ಅವರ ವ್ಯಾಪಾರದ ಅಭ್ಯಾಸ. ಅಟ್ಟದ ಮೇಲೆ ಕೂಡಿಟ್ಟ ಕಾಯಿಯನ್ನು ಅಲುಗಿಸಿದಾಗ ಕೊಬ್ಬರಿ ಒಳಗೆ ಗಡಗಡ ಎಂದರೆ ಹದ ಬಂದಿದೆ ಎಂದರ್ಥ. ಸದ್ದಿಲ್ಲದಿದ್ದರೆ ಇನ್ನೂ ಆಗಿಲ್ಲ. ಮೊದಲ ಡಬ್ಬ ಸದ್ದು ಮಾಡಲಿಲ್ಲ. ಇನ್ನಷ್ಟು ಜೋರಾಗಿ ಅಲುಗಿಸಿದರು. ಗಲಗಲ ಎಂದಿತು.

"ಹಾಂ! ಇದು ಹದ," ಎಂದು ಕೆಳಗಿಟ್ಟರು.

ಮೂರನೆಯ ಡಬ್ಬಕ್ಕೆ ಅವರೇ ಗುಂಡುಕಲ್ಲು ಇಳಿಸಿದಾಗ ಮಾತ್ರ ಬೇರೆಯೇ ಸದ್ದು ಬಂತು. ಬೀದಿಯಲ್ಲಿ "ಬರ್ಲಿ, ಬರ್ಲಿ" ಎನ್ನುತ್ತಿದ್ದ ತೋಂಟದಾರ್ಯನ ಕೈ ಗಾಳಿಯಲ್ಲೇ ನಿಂತಿತು. ಆ ಸದ್ದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಇರಲಿಲ್ಲ.

ಒಳಗೆ ಬಂದು ನೋಡಿದ. ನಾರು ಚೆಲ್ಲಾಡಿತ್ತು. ಅವನ ಎರಡು ದಿನದ ಕೆಲಸ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಏನು ಮಾಡಿದ್ರಿ ಮಾವ?"

"ನಿಮ್ಮನ್ನ ಒಂದು ಮಾಡ್ದೆ ಅಳಿಯಂದ್ರೇ. ಬೀದರ್‌ನಾಗೆ ಯಾವನೋ ಆಳೆತ್ತರದೋನು ಅವ್ನೆ ಅಂತ ನಮ್ಮ ಹುಡುಗೀನ ಬುಟ್ಟುಕೊಡ್ತೀರಾ? ನಾನು ಬಿಡಾಕಿಲ್ಲ."

"ಯಾವನು?"

"ನೀನೇ ಅಂದ್ಯಲ್ಲಪ್ಪ, ಬ್ಯಾರೆ ನೋಡ್ಕಂಡವ್ಳೆ ಅಂತ," ಎಂದರು ನಿಂಗಮ್ಮನವರು ಮೋಹನ್ ಕುಮಾರ್ ಬೆನ್ನಿನ ಹಿಂದಿನಿಂದಲೇ.

ತೋಂಟದಾರ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ನಿಧಾನವಾಗಿ, ಬಹಳ ನಿಧಾನವಾಗಿ ಅವನಿಗೆ ಅರ್ಥವಾಯಿತು.

"ಕನ್ನಡಿ!" ಎಂದು ಕೂಗಿದ. "ಕನ್ನಡಿ ನೋಡಿದ್ದಾಳೆ ಮಾವ, ಕನ್ನಡಿ! ಬಿರುಕು ಬಿಟ್ಟಿರೋದು ಇದು!" ಅವನ ಕೈ ಬೀಸಿ ಬಂದದ್ದನ್ನು ಕಂಡು ಮೋಹನ್ ಕುಮಾರ್ ಎಗರಿ ಕನ್ನಡಿಯನ್ನು ಅಪ್ಪಿಕೊಂಡರು. "ಆ ಡಬ್ಬದಲ್ಲಿರೋದು ಗಾಜು. ಒಡೆಯೋದರ ಮೇಲೆ ಅವಳ ಹೆಸರು, ಒಡೆಯದೇ ಇರೋದರ ಮೇಲೆ ನನ್ನ ಹೆಸರು. ಅಷ್ಟೇ ಕಣ್ರೀ ಪಾಲು!"

ಆಗಲೇ ಫೋನು ಬಡಿದುಕೊಂಡಿತು; ತೋಂಟದಾರ್ಯ ಸ್ಪೀಕರ್ ಒತ್ತಿದ. ಭಾನುಪ್ರಿಯಾ.

"ಲಾರಿ ಬಂತೇನ್ರೀ? ಏನೂ ಒಡೆದಿಲ್ಲ ತಾನೇ?"

ಎಲ್ಲರೂ ಎಲ್ಲರನ್ನೂ ನೋಡಿಕೊಂಡರು. ಇಂಥ ಮೌನವನ್ನು ಮುರಿಯುವುದು ಇಲಾಖೆಯ ಕೆಲಸ ಎನ್ನಿಸಿ ಮೋಹನ್ ಕುಮಾರ್ ಮುಂದೆ ಬಗ್ಗಿದರು. "ಇಲ್ಲ ಮೇಡಂ. ರಾಜಿ ಆಗಿದೆ."

"ಯಾರ್ರೀ ಅದು?"

"ಸಾಮಾನು ಎತ್ತೋಕೆ ಬಂದೋರು ಕಣೇ, ಇಡ್ತೀನಿ," ಎಂದು ತೋಂಟದಾರ್ಯ ಫೋನು ಬಂದ್ ಮಾಡಿದ.

ಮೋಹನ್ ಕುಮಾರ್‌ಗೆ ಡ್ಯೂಟಿ ನೆನಪಾಯಿತು. ನಿಂಗಮ್ಮನವರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ನಡುಮನೆಯಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ರೇವಣಸಿದ್ದಯ್ಯನವರು ಡಬ್ಬದೊಳಗೆ ಕೈ ಹಾಕಿ ಒಂದು ಚೂರನ್ನು ತೆಗೆದರು. ಅರ್ಧ ಕಂದು, ಅರ್ಧ ಬಿಳುಪು. ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಿಮ್ಮತ್ತೇದು," ಎಂದರು. "ತಿಪಟೂರಿಗೆ ಕೊಬ್ಬರಿ ಹಾಕಕ್ಕೆ ಹೋದಾಗ ಜತೆ ಜಾಡಿ ತಂದುಕೊಟ್ಟಿದ್ದೆ. ಬಸ್ಸಿನಾಗೆ ನಿಂತ್ಕಂಡು, ಎರಡು ಕಂಕುಳಾಗೆ ಎರಡು ಇಟ್ಕಂಡು ಹುಳಿಯಾರುಗಂಟ ಬಂದಿದ್ದೆ. ಆವತ್ತು ಒಡೀಲಿಲ್ಲ ನೋಡಿ."

ದೊಡ್ಡ ಪಂಚಾಯ್ತಿದಾರರು ಚಾಪೆಯ ಮೇಲೆ ಕುಸಿದು ಕುಳಿತದ್ದನ್ನು ನೋಡಿ ತೋಂಟದಾರ್ಯನಿಗೆ ತನ್ನ ಎರಡು ದಿನದ ಕೆಲಸ ಮರೆತುಹೋಯಿತು. ಪಕ್ಕದಲ್ಲಿ ಕುಳಿತ.

"ಮಾವ, ಇನ್ನೊಂದು ಜಾಡಿ ಬೇರೆ ಡಬ್ಬದಲ್ಲಿದೆ. ಅದಕ್ಕೇನೂ ಆಗಿಲ್ಲ."

"ಭಾನಿಗೆ ಏನಂತ ಹೇಳ್ಲಿ?"

"ನೀವೇನೂ ಹೇಳಬೇಡಿ. ನನ್ನ ಕೈಲಿ ಒಡೀತು ಅಂತೀನಿ. ನೀವು ಅಂದ್ರೆ ಅವಳು ಅಳ್ತಾಳೆ. ನಾನು ಅಂದ್ರೆ ಬೈತಾಳೆ, ಅಷ್ಟೇ. ಅವಳಿಗೂ ಅಭ್ಯಾಸ, ನನಗೂ ಅಭ್ಯಾಸ."

ರೇವಣಸಿದ್ದಯ್ಯನವರು ಅಳಿಯನ ಮುಖವನ್ನು ಮೊದಲ ಸಲ ನೋಡಿದವರ ಹಾಗೆ ನೋಡಿದರು. ಆಮೇಲೆ ಇಬ್ಬರೂ ಸೇರಿ ಎಲ್ಲ ಡಬ್ಬವನ್ನೂ ಮತ್ತೆ ಕಟ್ಟಿದರು. ಲೋಟಗಳಲ್ಲಿ ಅರ್ಧದಷ್ಟು ಹೋಗಿದ್ದವು. ಉಳಿದ ಜಾಡಿಯನ್ನು ಲಾರಿಗೆ ಹಾಕಲು ಮಾವ ಒಪ್ಪಲಿಲ್ಲ. ತಾವೂ ಬೀದರ್‌ಗೆ ಬರುವುದಾಗಿ ಹೇಳಿ, ಮುಂದಿನ ಸೀಟಿನಲ್ಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಲಾರಿ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರು ದಾಟಿ ಉತ್ತರಕ್ಕೆ ಓಡಿತು. ಗಿಡ್ಡಯ್ಯನಿಗೆ ಬೀದಿಯಲ್ಲಿ ನಿಂತಿದ್ದಾಗ ಅರ್ಧ ಸುದ್ದಿ ಮಾತ್ರ ಸಿಕ್ಕಿತ್ತು, ಅದೂ ಮೊದಲ ಅರ್ಧ. ಹಾಗಾಗಿ ದಾರಿಯುದ್ದಕ್ಕೂ ಅವನು ತೋಂಟದಾರ್ಯನಿಗೆ ಧೈರ್ಯ ಹೇಳಿದ. "ನೀವೇನೂ ತಲೆ ಕೆಡಿಸ್ಕಬ್ಯಾಡಿ ಸ್ವಾಮಿ. ನಮ್ಮ ಭಾವಮೈದಂದೂ ಹಿಂಗೇ ಆಗಿತ್ತು. ಹೋಗ್ತಿದ್ದಂಗೆ ಒಂದ್ ಮೊಳ ಹೂವ ಕೊಟ್ಬುಡಿ." ಪಾಪ, ಒಡೆದ ಸಂಸಾರ ಹೊತ್ತಿದ್ದೇನೆ ಎಂಬ ಭಾವದಿಂದ ಅವನು ಒಂದೊಂದು ಹಂಪನ್ನೂ ಎಷ್ಟು ಮೆಲ್ಲಗೆ ದಾಟಿಸಿದನೆಂದರೆ, ತುರುವೇಕೆರೆಯಲ್ಲಿ ಒಡೆದದ್ದರ ಮೇಲೆ ದಾರಿಯಲ್ಲಿ ಇನ್ನೊಂದು ಲೋಟವೂ ಒಡೆಯಲಿಲ್ಲ.

ಬೀದರ್‌ನ ಮನೆಯಲ್ಲಿ ಅಪ್ಪನನ್ನು ಕಂಡು ಭಾನುಪ್ರಿಯಾಳಿಗೆ ಸಂತೋಷ, ಆಶ್ಚರ್ಯ ಎರಡೂ ಆಯಿತು. ಅಪ್ಪನ ತೊಡೆಯಿಂದ ಜಾಡಿಯನ್ನು ತೆಗೆದುಕೊಂಡವಳು ಕೇಳಿದಳು, "ಇನ್ನೊಂದು?"

"ಒಡೀತು," ಎಂದ ತೋಂಟದಾರ್ಯ. "ನನ್ನ ಕೈಲಿ."

"ಹೆಂಗೆ?"

"ಮಾತಾಡ್ತಾ ಇದ್ದೆ."

ಅವಳು ಕೂಡಲೇ ನಂಬಿದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬೈಯುವಳೆಂದು ತೋಂಟದಾರ್ಯ ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಉಳಿದ ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತಳು. ಇದು ಅವನಿಗೆ ಅಭ್ಯಾಸವಿರಲಿಲ್ಲ. ರೇವಣಸಿದ್ದಯ್ಯನವರು ಮಗಳನ್ನೂ ನೋಡಲಾರದೆ ಅಳಿಯನನ್ನೂ ನೋಡಲಾರದೆ ಹೊಸ ಮನೆಯ ಸೂರನ್ನು ಪರೀಕ್ಷಿಸಿದರು.

ಆಗ ಭಾನುಪ್ರಿಯಾಳ ಫೋನು ಬಂತು. ಜಾಡಿ ಬಿಡಲು ಮನಸ್ಸಿಲ್ಲದೆ ಅವಳು ಸ್ಪೀಕರ್ ಒತ್ತಿದಳು.

"ಒಂದಾದ್ರಾ ಭಾನಮ್ಮ?" ನಿಂಗಮ್ಮನವರ ದನಿ ಮನೆಯೆಲ್ಲ ತುಂಬಿತು. "ಎಲ್ಲಾ ಗಾಜು, ಕನ್ನಡಿ ಅಂತ ನಿಮ್ಮನೆಯೋರು ಏನೇನೋ ಅಂದ್ರು. ನಾನೇನು ನಂಬ್ಲಿಲ್ಲ ಬುಡು. ಮರ್ಯಾದೆಗೆ ಹಂಗಂತಾರೆ. ನಿಮ್ಮನ್ನ ಕೂಡ್ಸೋ ಭರದಾಗೆ ನಿಮ್ಮಪ್ಪಾರು ಗುಂಡುಕಲ್ಲು ಇಳಿಸಿ ಜಾಡಿ ಒಂದು ಹೋಯ್ತು ನೋಡು, ಅದೊಂದು ನಂಗೆ ಹೊಟ್ಟೆ ಉರೀತದೆ. ಹೋಗ್ಲಿ, ಜಾಡಿ ಹೋದ್ರೂ ಸಂಸಾರ ಉಳೀತಲ್ಲ. ಆ ಆಳೆತ್ತರದೋನ ಸಾವಾಸ ಮಾತ್ರ ಬ್ಯಾಡ ಕಣಮ್ಮ!"

ಭಾನುಪ್ರಿಯಾ ಫೋನು ಕೆಳಗಿಟ್ಟಳು. ಗಂಡನನ್ನು ನೋಡಿದಳು. ಅವನು ಮೀಸೆಯಲ್ಲಿ ಉಳಿದಿದ್ದ ನಾರು ಕೀಳುತ್ತಿದ್ದ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಜಾಡಿ ಒಡೆದೋರು ಯಾರು?"

ರೇವಣಸಿದ್ದಯ್ಯನವರು ಸೂರಿನಿಂದ ಕಣ್ಣಿಳಿಸಿ, ಟವೆಲು ಸರಿಮಾಡಿಕೊಂಡು, ಪಂಚಾಯ್ತಿ ಕಟ್ಟೆಯ ಗಾಂಭೀರ್ಯದಲ್ಲಿ ಹೇಳಿದರು. "ಅಳಿಯಂದ್ರು ಆಗ್ಲೇ ಒಪ್ಕಂಡವ್ರಲ್ಲಮ್ಮ. ಒಪ್ಕಂಡು ಮುಗಿದ ನ್ಯಾಯನ ಮತ್ತೆ ಕೆದಕಬಾರ್ದು."

ಭಾನುಪ್ರಿಯಾಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ಎದ್ದು ಬಂದು ಅಮ್ಮನ ಜಾಡಿಯನ್ನು ತೋಂಟದಾರ್ಯನ ಎರಡೂ ಕೈಗೆ ಕೊಟ್ಟಳು.

"ತಗೊಳ್ರಿ. ಅಡುಗೆಮನೇಲಿ ಮೇಲಿನ ಗೂಡಲ್ಲಿ ಇಡಿ."

"ನಾನಾ?"

"ಮಾತಾಡಬೇಡಿ. ನಡೀರಿ."

ಸಹಾಯಕ್ಕೆಂದು ರೇವಣಸಿದ್ದಯ್ಯನವರು ಅರ್ಧ ಎದ್ದರು. "ಅಪ್ಪಾ, ನೀನು ಅಲ್ಲೇ ಕೂತ್ಕೊ," ಎಂದಳು ಮಗಳು. ಅವರು ಕೂತರು.

ತೋಂಟದಾರ್ಯ ತುಟಿ ಬಿಗಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋದ. ಜಾಡಿಯನ್ನು ಎತ್ತಿದ. ಗೂಡಿನೊಳಗೆ ಗೋಡೆಗೆ ತಾಗುವವರೆಗೆ ಮೆಲ್ಲಗೆ ಸರಿಸಿದ. ಅದು ನೆಟ್ಟಗೆ ಕುಳಿತಿತು. ಅವನು ಮಾತ್ರ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೇ ನಿಂತ.

"ಇಟ್ಟಾಯ್ತಲ್ಲ, ಇನ್ನು ಕೈ ಬಿಡ್ರೀ," ಎಂದಳು ಭಾನುಪ್ರಿಯಾ ಬಾಗಿಲಿಗೆ ಒರಗಿ.

ತೋಂಟದಾರ್ಯ ಬಿಡಲಿಲ್ಲ.